ಕೋಡಿಂಗ್‌ಗೆ ಸಂಸ್ಕೃತವೇ ಶ್ರೇಷ್ಠ ಎಂದು ನಾಸಾ ಹೇಳಿದೆಯೇ? ಹುಡುಕುತ್ತಾ ಹೋದರೆ ಸಿಗುವುದು ‘ಲಿಸ್ಪ್’!

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬೆಳಗಾದರೆ ಕಾಫಿ ರೇಟು, ನಿನ್ನೆ ಎಷ್ಟು ಸೆಂಟ್ ಮಳೆಯಾಯಿತು, ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿಗಳು ಬರುತ್ತವೆ. ಅವುಗಳ ನಡುವೆ ಆಗಾಗ ಹಳೆಯ ಸಂದೇಶವೊಂದು ಹೊಸದಾಗಿ ಬಂದು ಬೀಳುತ್ತದೆ: “ಕಂಪ್ಯೂಟರ್‌ಗೆ ಅತ್ಯಂತ ಸೂಕ್ತವಾದ ಭಾಷೆ ಸಂಸ್ಕೃತ ಎಂದು ನಾಸಾ ಒಪ್ಪಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಪ್ರೋಗ್ರಾಮ್‌ಗಳನ್ನು ಇನ್ನು ಮುಂದೆ ಸಂಸ್ಕೃತದಲ್ಲೇ ಬರೆಯಲಾಗುತ್ತದೆ. ಹೆಮ್ಮೆಯಿಂದ ಶೇರ್ ಮಾಡಿ.”

ಓದಿ, ಒಂದು ಕೈಮುಗಿಯುವ ಚಿಹ್ನೆ ಹಾಕಿ ಮುಂದೆ ಕಳಿಸಿದರೆ ಏನು ನಷ್ಟ ಎನ್ನಿಸಬಹುದು. ನಷ್ಟ ಇದೆ. ಇದನ್ನು ನಂಬಿದವರು ಮಕ್ಕಳಿಗೆ ಪಿಯುಸಿಯಲ್ಲಿ ಭಾಷೆ ಆರಿಸುವಾಗ “ಮುಂದೆ ಸಾಫ್ಟ್‌ವೇರ್‌ಗೆ ಅನುಕೂಲ” ಎಂದು ಲೆಕ್ಕ ಹಾಕಬಹುದು. ಇನ್ನೊಂದು ಕಡೆ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಅಥವಾ ಹುಡುಗಿ “ಪ್ರೋಗ್ರಾಮಿಂಗ್ ಎಂದರೆ ಯಾವುದೋ ವಿಶೇಷ ಭಾಷೆ ಬಲ್ಲವರ ಕೆಲಸ, ನಮ್ಮದಲ್ಲ” ಎಂದುಕೊಳ್ಳಬಹುದು. ಎರಡೂ ತಪ್ಪು ಲೆಕ್ಕಗಳೇ.

ಚಿಕ್ಕ ಉತ್ತರ ಇಷ್ಟು: ನಾಸಾ ಹಾಗೆ ಹೇಳಿಲ್ಲ. ಆದರೆ ಸಂದೇಶದ ಹಿಂದೆ ಒಂದು ನಿಜವಾದ ಲೇಖನ ಇದೆ. ಆ ಲೇಖನ ಬಂದ ಕಾಲದಲ್ಲಿ ಕೃತಕ ಬುದ್ಧಿಮತ್ತೆಯವರು ನಿಜವಾಗಿ ಬರೆಯುತ್ತಿದ್ದ ಭಾಷೆಯ ಹೆಸರು ಲಿಸ್ಪ್. ಅದರ ಮೂಲ ಇಟ್ಟಿಗೆಗಳು ಆರೇಳು ಮಾತ್ರ. ಅವನ್ನು ಒಮ್ಮೆ ನೋಡಿದರೆ, ಕಂಪ್ಯೂಟರ್‌ಗೆ ಬೇಕಾಗಿರುವುದು ಸಂಸ್ಕೃತವೂ ಅಲ್ಲ, ಇಂಗ್ಲಿಷೂ ಅಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

1985ರ ಲೇಖನದಲ್ಲಿ ಏನಿತ್ತು?

ಅಮೆರಿಕದ ಕೃತಕ ಬುದ್ಧಿಮತ್ತೆ ಸಂಘದ ‘ಎಐ ಮ್ಯಾಗಜೀನ್’ ಪತ್ರಿಕೆಯ 1985ರ ವಸಂತ ಸಂಚಿಕೆಯಲ್ಲಿ ರಿಕ್ ಬ್ರಿಗ್ಸ್ ಎಂಬವರ ಲೇಖನ ಪ್ರಕಟವಾಯಿತು. ಅವರು ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ‘ನಾಸಾ ಹೇಳಿದೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಒಬ್ಬ ಸಂಶೋಧಕರು ತಮ್ಮ ಹೆಸರಿನಲ್ಲಿ ಬರೆದ ಲೇಖನ ಬೇರೆ, ಸಂಸ್ಥೆಯೊಂದು ತೆಗೆದುಕೊಳ್ಳುವ ತೀರ್ಮಾನ ಬೇರೆ.

ಬ್ರಿಗ್ಸ್ ಎತ್ತಿದ ವಿಷಯ ಆಸಕ್ತಿದಾಯಕವಾಗಿಯೇ ಇದೆ. ಒಂದು ವಾಕ್ಯದ ಅರ್ಥವನ್ನು ಯಂತ್ರಕ್ಕೆ ತಿಳಿಸಬೇಕಾದರೆ ಅದನ್ನು ಚಿಕ್ಕಚಿಕ್ಕ ಸಂಬಂಧಗಳಾಗಿ ಬಿಡಿಸಬೇಕು. ನಮ್ಮ ಪ್ರಾಚೀನ ವೈಯಾಕರಣರು ಇದೇ ಕೆಲಸವನ್ನು ಬಹಳ ಹಿಂದೆಯೇ ಮಾಡಿದ್ದರು ಎಂದು ಅವರು ತೋರಿಸಿದರು. ಅವರು ಕೊಟ್ಟ ಒಂದು ಉದಾಹರಣೆಯ ಸಾರ ಹೀಗಿದೆ: ಮೈತ್ರನು ಸ್ನೇಹದಿಂದ ದೇವದತ್ತನಿಗಾಗಿ ಬೆಂಕಿಯ ಮೇಲೆ ಪಾತ್ರೆಯಲ್ಲಿ ಅನ್ನ ಬೇಯಿಸುತ್ತಾನೆ. ಇದನ್ನು ಸರಳಗೊಳಿಸಿ ನಾವು ಹೀಗೆ ಬಿಡಿಸಬಹುದು:

((ಬೇಯಿಸು ಕರ್ತೃ ಮೈತ್ರ)
 (ಬೇಯಿಸು ಕರ್ಮ ಅನ್ನ)
 (ಬೇಯಿಸು ಸಂಪ್ರದಾನ ದೇವದತ್ತ)
 (ಬೇಯಿಸು ಅಧಿಕರಣ ಪಾತ್ರೆ))

ಕರ್ತೃ, ಕರ್ಮ, ಸಂಪ್ರದಾನ, ಅಧಿಕರಣ ಎಂಬ ಪದಗಳು ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ವಿಭಕ್ತಿ ಪಾಠ ಓದಿದವರಿಗೆಲ್ಲ ಗೊತ್ತು. ಯಾರು ಮಾಡಿದರು, ಏನನ್ನು, ಯಾರಿಗೆ, ಎಲ್ಲಿ ಎಂಬುದನ್ನು ಬಿಡಿಬಿಡಿಯಾಗಿ ಹೇಳುವ ಈ ಕ್ರಮ ಮತ್ತು 1980ರ ದಶಕದ ಕೃತಕ ಬುದ್ಧಿಮತ್ತೆಯ ಕ್ರಮ ಒಂದೇ ರೂಪದವು ಎಂಬುದು ಬ್ರಿಗ್ಸ್ ವಾದ. ಪ್ರೋಗ್ರಾಮ್‌ಗಳನ್ನು ಸಂಸ್ಕೃತದಲ್ಲಿ ಬರೆಯಬೇಕು ಎಂಬುದು ಆ ವಾದವಲ್ಲ. ಮೇಲಿನ ಆವರಣಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತವೆ.

ಈ ಚರ್ಚೆ ನಮ್ಮ ರಾಜ್ಯಕ್ಕೂ ಬಂದಿತ್ತು. ಸಂಸ್ಕೃತದಲ್ಲಿ ಜ್ಞಾನದ ನಿರೂಪಣೆ ಕುರಿತ ಮೊದಲ ರಾಷ್ಟ್ರೀಯ ಸಮ್ಮೇಳನ 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅದರ ಬಗ್ಗೆ ಬ್ರಿಗ್ಸ್ ಅವರೇ ಮರುವರ್ಷ ಅದೇ ಪತ್ರಿಕೆಯಲ್ಲಿ ವರದಿ ಬರೆದರು. ಅಂದರೆ ಇದು ವಿದ್ವಾಂಸರು ಗಂಭೀರವಾಗಿ ತೆಗೆದುಕೊಂಡ ವಿಷಯ. ವಾಟ್ಸಾಪ್‌ಗೆ ಬರುವ ಹೊತ್ತಿಗೆ “ಹೋಲಿಕೆ ಇದೆ” ಎಂಬುದು “ನಾಸಾ ಒಪ್ಪಿಕೊಂಡಿದೆ” ಎಂದಾಯಿತು.

ಸಂಸ್ಕೃತದಲ್ಲಿ ದ್ವಂದ್ವಾರ್ಥ ಇಲ್ಲವೇ?

“ಸಂಸ್ಕೃತದಲ್ಲಿ ಒಂದು ವಾಕ್ಯಕ್ಕೆ ಒಂದೇ ಅರ್ಥ” ಎಂಬ ಮಾತೂ ಇದರ ಜೊತೆಗೇ ಓಡಾಡುತ್ತದೆ. ಸಂಸ್ಕೃತ ಕಾವ್ಯ ಓದಿದವರು ಇದನ್ನು ಒಪ್ಪುವುದಿಲ್ಲ. ಒಂದೇ ಮಾತಿನಲ್ಲಿ ಎರಡು ಅರ್ಥ ಹೊಳೆಯಿಸುವ ಶ್ಲೇಷಾಲಂಕಾರ ಸಂಸ್ಕೃತದ ಹೆಮ್ಮೆ. ‘ರಾಘವಪಾಂಡವೀಯ’ ಎಂಬ ಕಾವ್ಯದ ಶ್ಲೋಕಗಳನ್ನು ಒಂದು ರೀತಿ ಓದಿದರೆ ರಾಮಾಯಣ, ಇನ್ನೊಂದು ರೀತಿ ಓದಿದರೆ ಮಹಾಭಾರತ! ಮನುಷ್ಯರು ಆಡುವ ಪ್ರತಿಯೊಂದು ಭಾಷೆಗೂ ಈ ಗುಣ ಇದೆ. ಕಾವ್ಯಕ್ಕೆ ಅದು ಸಿರಿ, ಕಂಪ್ಯೂಟರ್‌ಗೆ ಅದು ತಲೆನೋವು.

ಹಾಗೆಂದು ಪಾಣಿನಿಯ ಸಾಧನೆ ಸಣ್ಣದೇನಲ್ಲ. ಸುಮಾರು 4,000 ಸೂತ್ರಗಳಲ್ಲಿ ಒಂದು ಇಡೀ ಭಾಷೆಯ ರಚನೆಯನ್ನು ಹೇಳಿದ ‘ಅಷ್ಟಾಧ್ಯಾಯಿ’ಯನ್ನು ಕಂಪ್ಯೂಟರ್ ವಿಜ್ಞಾನಿಗಳೂ ಗೌರವದಿಂದ ಕಂಡಿದ್ದಾರೆ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಒಂದು ಪ್ರಸಿದ್ಧ ವಿಧಾನಕ್ಕೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲೇ ಪೀಟರ್ ಇಂಗರ್‌ಮನ್ ಎಂಬವರು ಸೂಚಿಸಿದ್ದರು. ಪಾಣಿನಿಯನ್ನು ಮೆಚ್ಚಲು ಇಂಥ ನಿಜವಾದ ಕಾರಣಗಳೇ ಸಾಕು.

ಹಾಗಾದರೆ ಲಿಸ್ಪ್ ಎಂದರೇನು?

ಅಮೆರಿಕದ ಎಂಐಟಿಯಲ್ಲಿದ್ದ ಗಣಿತಜ್ಞ ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್ ರೂಪಿಸಲು ತೊಡಗಿದರು. ಅದನ್ನು ವಿವರಿಸುವ ಅವರ ಪ್ರಬಂಧ 1960ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ‘ಲಿಸ್ಟ್ ಪ್ರೊಸೆಸರ್’ ಎಂಬುದನ್ನು ಮೊಟಕುಗೊಳಿಸಿದರೆ ಲಿಸ್ಪ್. ಪಟ್ಟಿಗಳನ್ನು ಸಂಸ್ಕರಿಸುವ ಭಾಷೆ ಎಂದರ್ಥ. ಇಂದಿಗೂ ಬಳಕೆಯಲ್ಲಿರುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದಕ್ಕಿಂತ ಹಳೆಯದೆಂದು ಹೇಳಲು ಸಿಗುವ ದೊಡ್ಡ ಹೆಸರು 1957ರ ಫೋರ್ಟ್ರಾನ್.

ಆ ಕಾಲದ ಕಂಪ್ಯೂಟರ್‌ಗಳು ಹೆಚ್ಚಾಗಿ ಅಂಕಿಗಳನ್ನು ಅರೆಯುತ್ತಿದ್ದವು. ಮೆಕಾರ್ಥಿಗೆ ಬೇಕಿದ್ದುದು ಅಂಕಿಗಳ ಜೊತೆಗೆ ಪದಗಳು, ಸಂಬಂಧಗಳು, ತರ್ಕ ಇವನ್ನೂ ನಿಭಾಯಿಸುವ ಭಾಷೆ. ಹಾಗಾಗಿ ಹಲವು ದಶಕಗಳ ಕಾಲ ಅಮೆರಿಕದ ಕೃತಕ ಬುದ್ಧಿಮತ್ತೆ ಸಂಶೋಧನೆಯಲ್ಲಿ ಲಿಸ್ಪ್ ಮುಖ್ಯ ಭಾಷೆಯಾಯಿತು. ಬ್ರಿಗ್ಸ್ ಲೇಖನ ಬಂದದ್ದು ಅದರ ಏರುಕಾಲದಲ್ಲೇ.

ಲಿಸ್ಪ್ ಈಗ ಒಂದೇ ಭಾಷೆಯಲ್ಲ, ಒಂದು ಮನೆತನ. ಸ್ಕೀಮ್, ಕಾಮನ್ ಲಿಸ್ಪ್, ರ‍್ಯಾಕೆಟ್, ಕ್ಲೋಷರ್ ಎಲ್ಲವೂ ಅದರ ಕುಡಿಗಳು. ಕೆಳಗಿನ ಉದಾಹರಣೆಗಳು ರ‍್ಯಾಕೆಟ್‌ಗೆ ಹೊಂದುತ್ತವೆ. ಓದಲು ಸುಲಭವಾಗಲೆಂದು ಡಿಫೈನ್, ಇಫ್ ಮುಂತಾದ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇವೆ. ಯಂತ್ರಕ್ಕೆ ಕೊಡುವಾಗ ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ನಾವೇ ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು.

ಮೊದಲ ಇಟ್ಟಿಗೆ: ಕೆಲಸ ಮೊದಲು, ಸುತ್ತ ಆವರಣ

“6 ÷ 2(1+2) = ಎಷ್ಟು? ಶೇ. 90 ಜನ ತಪ್ಪು ಹೇಳುತ್ತಾರೆ!” ಎಂಬ ಸಂದೇಶ ನಿಮಗೂ ಬಂದಿರಬಹುದು. ಕೆಲವರು 9 ಎನ್ನುತ್ತಾರೆ, ಕೆಲವರು 1 ಎಂದು ಜಗಳಕ್ಕೆ ನಿಲ್ಲುತ್ತಾರೆ. ಗಣಿತ ಗೊತ್ತಿಲ್ಲದ್ದಕ್ಕೆ ಹುಟ್ಟುವ ಜಗಳ ಅಲ್ಲ ಇದು. ಆ ಬರವಣಿಗೆಯೇ ಎರಡು ಅರ್ಥ ಕೊಡುವಂತಿದೆ.

ಲಿಸ್ಪ್‌ನಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಅಲ್ಲಿ ನಿಯಮ ಒಂದೇ: ಆವರಣ ತೆರೆಯಿರಿ, ಮಾಡಬೇಕಾದ ಕೆಲಸ ಮೊದಲು ಬರೆಯಿರಿ, ಅದಕ್ಕೆ ಬೇಕಾದ ವಸ್ತುಗಳನ್ನು ಆಮೇಲೆ ಬರೆಯಿರಿ, ಆವರಣ ಮುಚ್ಚಿರಿ.

(+ 2 3)

ಇದರ ಉತ್ತರ 5. ಈಗ ಆ ಜಗಳದ ಲೆಕ್ಕ ನೋಡಿ:

(* (/ 6 2) (+ 1 2))
(/ 6 (* 2 (+ 1 2)))

ಮೊದಲನೆಯದು 9, ಎರಡನೆಯದು 1. ನಿಮ್ಮ ಮನಸ್ಸಿನಲ್ಲಿ ಯಾವುದಿದೆ ಎಂಬುದನ್ನು ನೀವೇ ಹೇಳಲೇಬೇಕು. ಊಹೆಗೆ ಜಾಗವಿಲ್ಲ, ಯಾವುದನ್ನು ಮೊದಲು ಮಾಡಬೇಕೆಂಬ ಸೂತ್ರ ಬಾಯಿಪಾಠ ಮಾಡಬೇಕಾಗಿಯೂ ಇಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: “ಎರಡನ್ನೂ ಮೂರನ್ನೂ ಕೂಡು.” ಇಂಗ್ಲಿಷ್ ವಾಕ್ಯದಲ್ಲಿ ಸಾಮಾನ್ಯವಾಗಿ ನಡುವೆ. ಲಿಸ್ಪ್‌ನಲ್ಲಿ ಯಾವಾಗಲೂ ಮೊದಲು. ಯಂತ್ರಕ್ಕೆ ಮೂರರಲ್ಲಿ ಯಾವುದೂ ಶ್ರೇಷ್ಠವಲ್ಲ. ಕ್ರಮ ಒಂದೇ ತೆರನಾಗಿರಬೇಕು, ಅಷ್ಟೇ.

ಎರಡನೆಯದು: ಬಿಡಿ ಮತ್ತು ಪಟ್ಟಿ

ಲಿಸ್ಪ್ ಜಗತ್ತಿನಲ್ಲಿ ಮುಖ್ಯವಾಗಿ ಎರಡೇ ಬಗೆಯ ವಸ್ತುಗಳು. 45, ಮಳೆ, + ಇಂಥವು ಮುಂದೆ ಒಡೆಯಲಾಗದ ಬಿಡಿಗಳು. ಇವನ್ನು ಆ್ಯಟಂ ಎನ್ನುತ್ತಾರೆ. ಬಿಡಿಗಳನ್ನು ಆವರಣದಲ್ಲಿ ಸಾಲಾಗಿ ಇಟ್ಟರೆ ಪಟ್ಟಿ. ಪಟ್ಟಿಯೊಳಗೆ ಪಟ್ಟಿಯೂ ಇರಬಹುದು.

ನಮ್ಮ ಕಾಫಿ ಸೀಮೆಯ ಬೆಳೆಗಾರರಿಗೆ ಪಟ್ಟಿ ಹೊಸದೇನಲ್ಲ. ಮಳೆ ಮಾಪಕ ಇಟ್ಟುಕೊಂಡು ದಿನದಿನದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ರೂಢಿ ಅನೇಕ ತೋಟಗಳಲ್ಲಿದೆ. ನೂರು ಸೆಂಟ್ ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನಾಲ್ಕು ದಿನದ ಮಳೆ ಹೀಗಿದೆ ಎಂದುಕೊಳ್ಳಿ:

(ಡಿಫೈನ್ ಮಳೆ '(45 0 120 10))

ಡಿಫೈನ್ ಎಂದರೆ ಹೆಸರಿಡು. ಇನ್ನು ಮುಂದೆ ‘ಮಳೆ’ ಎಂದರೆ ಆ ಪಟ್ಟಿ.

ಪಟ್ಟಿಯ ಮುಂದಿರುವ ಚಿಕ್ಕ ಗೀಟನ್ನು ಗಮನಿಸಿ. ಅದರ ಹೆಸರು ಕೋಟ್. ತೋಟದ ರೈಟರ್ ಕೈಗೆ “ಗೊಬ್ಬರ ಹಾಕಿಸು” ಎಂಬ ಚೀಟಿ ಕೊಟ್ಟರೆ ಅವರು ಆ ಕೆಲಸ ಮಾಡಿಸುತ್ತಾರೆ. ಅದೇ ಚೀಟಿಯನ್ನು “ಫೈಲಿನಲ್ಲಿ ಇಟ್ಟಿರಿ” ಎಂದು ಕೊಟ್ಟರೆ ಓದಿ ಹಾಗೇ ಇಡುತ್ತಾರೆ. ಕೋಟ್ ಇಲ್ಲದ ಪಟ್ಟಿ ಮಾಡಬೇಕಾದ ಕೆಲಸ; ಕೋಟ್ ಇರುವ ಪಟ್ಟಿ ಹಾಗೇ ಇಟ್ಟುಕೊಳ್ಳಬೇಕಾದ ಮಾಹಿತಿ. ಕೋಟ್ ಮರೆತರೆ ಯಂತ್ರ 45 ಎಂಬುದನ್ನೇ ಕೆಲಸ ಎಂದುಕೊಂಡು “ಇದನ್ನು ಮಾಡುವುದು ಹೇಗೆ?” ಎಂದು ದೂರು ಹೇಳುತ್ತದೆ.

ಮೂರನೆಯದು: ಮೊದಲನೆಯದು, ಮಿಕ್ಕದ್ದು, ಸೇರಿಸು

ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕಿಸಲು ಸಾಲು ನಿಲ್ಲುತ್ತಾರೆ. ತೂಕ ಹಾಕುವವರಿಗೆ ಇಡೀ ಸಾಲಿನ ಚಿಂತೆ ಇಲ್ಲ. ಮುಂದಿರುವ ಒಬ್ಬರು, ಹಿಂದೆ ಮಿಕ್ಕವರು, ಅಷ್ಟೇ. ಲಿಸ್ಪ್ ಪಟ್ಟಿಯನ್ನು ನೋಡುವುದೂ ಹೀಗೆಯೇ.

(ಕಾರ್ ಮಳೆ) ಎಂದರೆ ಮೊದಲನೆಯದು: 45.
(ಕುಡರ್ ಮಳೆ) ಎಂದರೆ ಮಿಕ್ಕ ಸಾಲು: (0 120 10).
(ಕಾನ್ಸ್ 30 ಮಳೆ) ಎಂದರೆ ಮುಂದೆ ಒಂದನ್ನು ಸೇರಿಸಿದ ಹೊಸ ಸಾಲು: (30 45 0 120 10).

ಕಾರ್, ಕುಡರ್ ಎಂಬ ವಿಚಿತ್ರ ಹೆಸರುಗಳು ಬಂದದ್ದು ಲಿಸ್ಪ್ ಮೊದಲು ಓಡಿದ ಐಬಿಎಂ 704 ಯಂತ್ರದ ಒಳಭಾಗಗಳ ಹೆಸರಿನಿಂದ. ಅರ್ಥ ಹುಡುಕುತ್ತಾ ಕೂರಬೇಕಿಲ್ಲ. ಇಷ್ಟವಾಗದಿದ್ದರೆ (ಡಿಫೈನ್ ಮೊದಲನೆಯದು ಕಾರ್) ಎಂದು ಬರೆದು, ಆಮೇಲಿಂದ (ಮೊದಲನೆಯದು ಮಳೆ) ಎಂದೇ ಕೇಳಬಹುದು.

ಇನ್ನೊಂದು ವಿಷಯ: ಕಾನ್ಸ್ ಮಾಡಿದಾಗ ಹಳೆಯ ‘ಮಳೆ’ ಪಟ್ಟಿ ಬದಲಾಗಲಿಲ್ಲ, ಹೊಸ ಪಟ್ಟಿ ಹುಟ್ಟಿತು. ಇದ್ದದ್ದನ್ನು ತಿದ್ದುವ ಬದಲು ಹೊಸದನ್ನು ಕಟ್ಟುವುದು ಲಿಸ್ಪ್ ಬರೆಯುವವರು ಮೆಚ್ಚುವ ಶೈಲಿ. ಲೆಕ್ಕದ ಪುಸ್ತಕದಲ್ಲಿ ಹಳೆಯ ನಮೂದನ್ನು ಅಳಿಸದೆ ಹೊಸ ನಮೂದು ಬರೆದ ಹಾಗೆ. ತಪ್ಪಾದರೆ ಎಲ್ಲಿ ತಪ್ಪಿತೆಂದು ಹಿಂದಿರುಗಿ ನೋಡಬಹುದು.

ನಾಲ್ಕನೆಯದು: ಹೌದಾದರೆ ಇದು, ಇಲ್ಲವಾದರೆ ಅದು

ರೊಬಸ್ಟಾ ಗಿಡ ಚೆನ್ನಾಗಿ ಹೂ ಬಿಡಲು ಸುಮಾರು ಒಂದು ಇಂಚು ಹೂ ಮಳೆ ಬೇಕು ಎಂಬುದು ಬೆಳೆಗಾರರ ರೂಢಿಯ ಲೆಕ್ಕ. ಅದನ್ನೇ ಒಂದು ಪ್ರಶ್ನೆಯಾಗಿ ಬರೆಯೋಣ:

(ಡಿಫೈನ್ (ಹೂ-ಮಳೆಯೇ? ಸೆಂಟ್)
  (>= ಸೆಂಟ್ 100))

ಇಲ್ಲಿ ಹೆಸರಿಟ್ಟಿರುವುದು ಒಂದು ಕೆಲಸಕ್ಕೆ. ‘ಸೆಂಟ್’ ಎಂಬುದು ನಾವು ಕೊಡುವ ಸಂಖ್ಯೆ. ಅದು ನೂರು ಅಥವಾ ಹೆಚ್ಚಿದ್ದರೆ ಉತ್ತರ ಹೌದು, ಇಲ್ಲವಾದರೆ ಇಲ್ಲ. ಹೌದು-ಇಲ್ಲ ಎಂದು ಉತ್ತರಿಸುವ ಕೆಲಸಗಳ ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಡುವುದು ಸ್ಕೀಮ್, ರ‍್ಯಾಕೆಟ್‌ಗಳಲ್ಲಿ ಬೆಳೆದು ಬಂದ ಪದ್ಧತಿ.

(ಇಫ್ (ಹೂ-ಮಳೆಯೇ? 120) "ಹೂ ಮಳೆ ಆಯಿತು" "ಸಾಲದು")

ಇಫ್ ನಂತರ ಮೂರು ಭಾಗಗಳು: ಪ್ರಶ್ನೆ, ಹೌದಾದರೆ ಉತ್ತರ, ಇಲ್ಲವಾದರೆ ಉತ್ತರ. ಇದು ಕಲಿಕೆಗೆ ಕೊಟ್ಟ ಉದಾಹರಣೆ ಮಾತ್ರ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂಬುದನ್ನು ನಿಮ್ಮ ತೋಟದ ಸ್ಥಿತಿ ನೋಡಿಯೇ ತೀರ್ಮಾನಿಸಿ.

ಐದನೆಯದು: ತನ್ನನ್ನೇ ಕರೆದುಕೊಳ್ಳುವ ಕೆಲಸ

ನಾಲ್ಕು ದಿನದ ಒಟ್ಟು ಮಳೆ ಎಷ್ಟು? ಬೇರೆ ಭಾಷೆಗಳಲ್ಲಿ “ಒಂದೊಂದನ್ನೇ ತೆಗೆದುಕೊಂಡು ಕೂಡುತ್ತಾ ಹೋಗು” ಎಂದು ಬರೆಯುತ್ತಾರೆ. ಲಿಸ್ಪ್ ಶೈಲಿ ಬೇರೆ. ಅದು ಕೇಳುವುದು: ಒಟ್ಟು ಎಂದರೇನು?

ಪಟ್ಟಿ ಖಾಲಿ ಇದ್ದರೆ ಒಟ್ಟು ಸೊನ್ನೆ. ಇಲ್ಲವಾದರೆ, ಮೊದಲನೆಯದಕ್ಕೆ ಮಿಕ್ಕವುಗಳ ಒಟ್ಟನ್ನು ಸೇರಿಸಿದರೆ ಒಟ್ಟು. ಇದನ್ನೇ ಹಾಗೆ ಹಾಗೇ ಬರೆದರೆ:

(ಡಿಫೈನ್ (ಒಟ್ಟು ಪಟ್ಟಿ)
  (ಇಫ್ (ನಲ್? ಪಟ್ಟಿ)
      0
      (+ (ಕಾರ್ ಪಟ್ಟಿ)
         (ಒಟ್ಟು (ಕುಡರ್ ಪಟ್ಟಿ)))))

‘ನಲ್?’ ಎಂದರೆ ಖಾಲಿಯೇ ಎಂಬ ಪ್ರಶ್ನೆ. ‘ಒಟ್ಟು’ ಎಂಬುದರ ವಿವರಣೆಯೊಳಗೇ ‘ಒಟ್ಟು’ ಬಂದಿದೆ. ಇದು ಕೊನೆಯಿಲ್ಲದ ಸುತ್ತಲ್ಲ, ಯಾಕೆಂದರೆ ಪ್ರತಿ ಸಲವೂ ಪಟ್ಟಿ ಒಂದೊಂದೇ ಚಿಕ್ಕದಾಗುತ್ತದೆ. 45ಕ್ಕೆ (0 120 10)ರ ಒಟ್ಟು ಸೇರಬೇಕು. ಅದಕ್ಕೆ 0ಗೆ (120 10)ರ ಒಟ್ಟು ಸೇರಬೇಕು. ಅದಕ್ಕೆ 120ಕ್ಕೆ (10)ರ ಒಟ್ಟು. ಕೊನೆಗೆ 10ಕ್ಕೆ ಖಾಲಿ ಪಟ್ಟಿಯ ಒಟ್ಟು, ಅಂದರೆ 0. ಅಲ್ಲಿಂದ ಹಿಂದಕ್ಕೆ ಕೂಡುತ್ತಾ ಬಂದರೆ 175 ಸೆಂಟ್, ಅಂದರೆ ಒಂದು ಇಂಚು ಎಪ್ಪತ್ತೈದು ಸೆಂಟ್.

ಇದಕ್ಕೆ ರಿಕರ್ಷನ್ ಎಂದು ಹೆಸರು. ಹೊಸದಾಗಿ ಕಲಿಯುವವರು ತಡವರಿಸುವುದು ಇಲ್ಲೇ. ಎರಡು ಪ್ರಶ್ನೆ ಕೇಳಿಕೊಂಡರೆ ದಾರಿ ಸಿಗುತ್ತದೆ: ಎಲ್ಲಿ ನಿಲ್ಲಬೇಕು? ಪ್ರತಿ ಹೆಜ್ಜೆಗೂ ಕೆಲಸ ಚಿಕ್ಕದಾಗುತ್ತಿದೆಯೇ?

ಆರನೆಯದು: ಕೆಲಸವನ್ನೇ ಕೈಗೆ ಕೊಡುವುದು

ಯಾವ ಯಾವ ದಿನ ಹೂ ಮಳೆಯ ಮಟ್ಟ ಮುಟ್ಟಿತು?

(ಫಿಲ್ಟರ್ ಹೂ-ಮಳೆಯೇ? ಮಳೆ)

ಉತ್ತರ: (120). ಇಲ್ಲಿ ಫಿಲ್ಟರ್‌ಗೆ ನಾವು ಪಟ್ಟಿಯ ಜೊತೆಗೆ ‘ಹೂ-ಮಳೆಯೇ?’ ಎಂಬ ಕೆಲಸವನ್ನೇ ಕೊಟ್ಟೆವು. ಜರಡಿಯ ಜೊತೆಗೆ ಯಾವ ಅಳತೆಯ ಕಣ್ಣಿರಬೇಕೆಂದು ಹೇಳಿದ ಹಾಗೆ. ಸಂಖ್ಯೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಂತೆ ಕೆಲಸವನ್ನೂ ದಾಟಿಸಬಹುದು ಎಂಬ ಈ ವಿಚಾರವನ್ನು ಪೈಥಾನ್, ಜಾವಾಸ್ಕ್ರಿಪ್ಟ್ ಕಲಿತವರೂ ಬಳಸುತ್ತಾರೆ. ಪೈಥಾನ್‌ನ ಮ್ಯಾಪ್, ಫಿಲ್ಟರ್, ಲ್ಯಾಂಬ್ಡಾ ನೋಡಿದವರಿಗೆ ಈ ಹೆಸರುಗಳು ಎಲ್ಲಿಂದ ಬಂದವೆಂದು ಈಗ ಗೊತ್ತಾಗಬಹುದು.

ಏಳನೆಯದು: ಪ್ರೋಗ್ರಾಮೇ ಒಂದು ಪಟ್ಟಿ

ಈಗ ಹಿಂದಿರುಗಿ ನೋಡಿ. ಮಳೆಯ ಮಾಹಿತಿ ಒಂದು ಪಟ್ಟಿ. (+ 2 3) ಎಂಬ ಆಜ್ಞೆಯೂ ಒಂದು ಪಟ್ಟಿ. ‘ಒಟ್ಟು’ ಎಂಬ ಇಡೀ ಪ್ರೋಗ್ರಾಮೂ ಪಟ್ಟಿಯೊಳಗಿನ ಪಟ್ಟಿಗಳೇ. ಮೈತ್ರ ಅನ್ನ ಬೇಯಿಸಿದ ವಾಕ್ಯವನ್ನು ಬಿಡಿಸಿ ಬರೆದಾಗಲೂ ಆದದ್ದು ಅದೇ. ಮಾಹಿತಿ ಮತ್ತು ಪ್ರೋಗ್ರಾಮ್ ಎರಡಕ್ಕೂ ಒಂದೇ ರೂಪ ಇರುವುದರಿಂದ, ಲಿಸ್ಪ್ ಪ್ರೋಗ್ರಾಮ್ ಇನ್ನೊಂದು ಲಿಸ್ಪ್ ಪ್ರೋಗ್ರಾಮನ್ನು ಓದಬಲ್ಲದು, ಬರೆಯಬಲ್ಲದು, ಬದಲಿಸಬಲ್ಲದು. ಇಂಥ ಬದಲಾವಣೆಯ ನಿಯಮಕ್ಕೆ ಮ್ಯಾಕ್ರೋ ಎನ್ನುತ್ತಾರೆ.

ಇದರಿಂದ ಏನು ಲಾಭ? ‘ಇಫ್’ ಎಂಬ ಇಂಗ್ಲಿಷ್ ಪದ ಬೇಡವೆಂದರೆ ಹೀಗೆ ಬರೆಯಿರಿ:

(ಡಿಫೈನ್-ಸಿಂಟ್ಯಾಕ್ಸ್-ರೂಲ್
  (ಆದರೆ ಷರತ್ತು ಹೌದು ಇಲ್ಲ)
  (ಇಫ್ ಷರತ್ತು ಹೌದು ಇಲ್ಲ))

ಇನ್ನು ಮುಂದೆ ‘ಆದರೆ’ ಎಂಬ ಕನ್ನಡ ಪದವೇ ಆ ಭಾಷೆಯ ಆಜ್ಞೆ:

(ಆದರೆ (ಹೂ-ಮಳೆಯೇ? 120) "ಆಯಿತು" "ಸಾಲದು")

ಇದು ಬರೀ ಹೆಸರು ಬದಲಾವಣೆಯಲ್ಲ. ಸಾಮಾನ್ಯ ಕೆಲಸಕ್ಕೆ ಏನು ಕೊಟ್ಟರೂ ಅದು ಮೊದಲು ಎಲ್ಲವನ್ನೂ ಲೆಕ್ಕ ಹಾಕಿಬಿಡುತ್ತದೆ. ಇಫ್ ಹಾಗಲ್ಲ, ಹೌದಾದರೆ ಒಂದು ದಾರಿ, ಇಲ್ಲವಾದರೆ ಇನ್ನೊಂದು ದಾರಿ ಮಾತ್ರ ಹಿಡಿಯುತ್ತದೆ. ಅಂಥ ಹೊಸ ಆಜ್ಞೆಯನ್ನು ಬಳಕೆದಾರರೇ ಸೇರಿಸಲು ಬಿಡುವುದು ಲಿಸ್ಪ್ ಮನೆತನದ ದೊಡ್ಡ ಗುಣ.

ಕನ್ನಡ ಅಕ್ಷರದ ಹೆಸರುಗಳನ್ನು ಯಂತ್ರ ಒಪ್ಪುವುದಕ್ಕೆ ಕಾರಣ ಯೂನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡ ಲಿಪಿಗೆ ಜಾಗ ಇದೆ. ಕಂಪ್ಯೂಟರ್‌ನಲ್ಲಿ ಕನ್ನಡ ಸರಾಗವಾಗಿ ಓಡದಿದ್ದರೆ ಕನ್ನಡ ಹಿಂದುಳಿಯುತ್ತದೆ ಎಂದು ಚಿಂತಿಸಿದವರಲ್ಲಿ ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಒಬ್ಬರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆ ಇತ್ತು. ಬೇಕಾದ ತಂತ್ರಾಂಶ ಇಲ್ಲದಿದ್ದರೆ ಮಾಡಿಕೊಳ್ಳಬೇಕು ಎಂಬುದು ನಮ್ಮ ಮಲೆನಾಡಿಗೆ ಹೊಸ ಮಾತಲ್ಲ.

ಲಿಸ್ಪ್ ಬರೆಯುವ ಶೈಲಿ

ಆವರಣಗಳ ರಾಶಿ ನೋಡಿ ಹೆದರಬೇಡಿ. ಅನುಭವಿಗಳು ಆವರಣ ಎಣಿಸುವುದಿಲ್ಲ. ಅದನ್ನು ಎಡಿಟರ್ ನೋಡಿಕೊಳ್ಳುತ್ತದೆ. ಅವರು ನೋಡುವುದು ಸಾಲುಗಳು ಎಷ್ಟು ಒಳಗೆ ಸರಿದಿವೆ ಎಂಬುದನ್ನು. ಮುಚ್ಚುವ ಆವರಣಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡದೆ ಕೊನೆಯಲ್ಲಿ ಒಟ್ಟಿಗೆ ಇಡುವುದು ರೂಢಿ.

ಒಂದೊಂದು ಕೆಲಸವನ್ನೂ ಚಿಕ್ಕದಾಗಿ ಬರೆಯಿರಿ. ಎರಡು ಪದದ ಹೆಸರನ್ನು ಅಡ್ಡಗೆರೆಯಿಂದ ಜೋಡಿಸಿ. ಬರೆದ ಕೂಡಲೇ ಓಡಿಸಿ ನೋಡಿ: ಒಂದು ಸಾಲು ಬರೆಯುವುದು, ಉತ್ತರ ನೋಡುವುದು, ಮುಂದಿನ ಸಾಲು ಬರೆಯುವುದು. ಪ್ರೋಗ್ರಾಮಿನ ಜೊತೆ ಹೀಗೆ ಮಾತಾಡುತ್ತಾ ಕಟ್ಟುವುದೇ ಲಿಸ್ಪ್ ಅಭ್ಯಾಸ.

ಹಾಗಾದರೆ ನಾಸಾ ಬಳಸಿದ್ದು ಯಾವುದು?

ಸಂದೇಶದಲ್ಲಿ ನಾಸಾ ಹೆಸರು ಬಂದಿರುವುದರಿಂದ ಇದನ್ನೂ ಹೇಳಿಬಿಡೋಣ. ನಾಸಾದ ‘ಡೀಪ್ ಸ್ಪೇಸ್ 1’ ನೌಕೆ 1998ರ ಅಕ್ಟೋಬರ್‌ನಲ್ಲಿ ಹಾರಿತು. 1999ರ ಮೇ ತಿಂಗಳಲ್ಲಿ ಅದರ ಮೇಲೆ ‘ರಿಮೋಟ್ ಏಜೆಂಟ್’ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಪರೀಕ್ಷಿಸಲಾಯಿತು. ಭೂಮಿಯಿಂದ ಹೆಜ್ಜೆಹೆಜ್ಜೆಗೂ ಆಜ್ಞೆ ಪಡೆಯದೆ ನೌಕೆಯೇ ತನ್ನ ಕೆಲಸ ಯೋಜಿಸಿಕೊಳ್ಳುವ ಪ್ರಯೋಗ ಅದು. ನೌಕೆ ಆಗ ಇದ್ದದ್ದು ಸುಮಾರು ಹತ್ತು ಕೋಟಿ ಕಿಲೋಮೀಟರ್ ದೂರದಲ್ಲಿ. ಪ್ರಯೋಗದ ನಡುವೆ ತಂತ್ರಾಂಶದ ಒಂದು ದೋಷ ಎದುರಾಯಿತು. ತಂಡ ಭೂಮಿಯಲ್ಲಿ ಕೂತೇ ಕಾರಣ ಪತ್ತೆಹಚ್ಚಿ ಪ್ರಯೋಗವನ್ನು ಪೂರೈಸಿತು. ಆ ತಂತ್ರಾಂಶ ಬರೆದದ್ದು ಕಾಮನ್ ಲಿಸ್ಪ್‌ನಲ್ಲಿ. ಅದನ್ನು ರೂಪಿಸಿದ ತಂಡಗಳಲ್ಲಿ ಒಂದು ಏಮ್ಸ್ ಕೇಂದ್ರದ್ದು, ಅಂದರೆ ಬ್ರಿಗ್ಸ್ ಇದ್ದ ಅದೇ ಕೇಂದ್ರ!

ಇದನ್ನು ಕಲಿತರೆ ಕೆಲಸ ಸಿಗುತ್ತದೆಯೇ?

ನೇರವಾಗಿ ಹೇಳುವುದಾದರೆ, ಲಿಸ್ಪ್ ಕೇಳುವ ಉದ್ಯೋಗಗಳು ಪೈಥಾನ್ ಅಥವಾ ಜಾವಾ ಕೇಳುವ ಉದ್ಯೋಗಗಳಿಗಿಂತ ಬಹಳ ಕಡಿಮೆ. ಇಂದಿನ ಕೃತಕ ಬುದ್ಧಿಮತ್ತೆಯ ಕೆಲಸದಲ್ಲೂ ಪೈಥಾನ್ ಮುಂದಿದೆ. “ಲಿಸ್ಪ್ ಕಲಿತರೆ ಲಕ್ಷ ಸಂಬಳ” ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ.

ಆದರೆ ಅದು ಸತ್ತ ಭಾಷೆಯೂ ಅಲ್ಲ. ಬ್ರೆಜಿಲ್‌ನ ದೊಡ್ಡ ಡಿಜಿಟಲ್ ಬ್ಯಾಂಕ್ ನೂಬ್ಯಾಂಕ್ ತನ್ನ ವ್ಯವಸ್ಥೆಗೆ ಕ್ಲೋಷರ್ ಬಳಸುತ್ತದೆ. ಮನೆ ಪ್ಲಾನ್ ಬರೆಯುವವರ ಆಟೋಕ್ಯಾಡ್‌ನಲ್ಲಿ 1986ರಿಂದ ಆಟೋಲಿಸ್ಪ್ ಇದೆ. ಸಿವಿಲ್ ಡಿಪ್ಲೊಮಾ ಮಾಡಿದವರು ದಿನವೂ ಮಾಡುವ ಬೇಸರದ ಕೆಲಸಗಳನ್ನು ಅದರಿಂದ ತಾನಾಗಿ ನಡೆಯುವಂತೆ ಮಾಡಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಕಲಿತ ಪಟ್ಟಿ, ರಿಕರ್ಷನ್, ಕೆಲಸವನ್ನು ದಾಟಿಸುವ ಕ್ರಮ ಯಾವ ಭಾಷೆಗೆ ಹೋದರೂ ಉಪಯೋಗಕ್ಕೆ ಬರುತ್ತವೆ.

ಕಲಿಯಲು ಖರ್ಚಿಲ್ಲ. ರ‍್ಯಾಕೆಟ್ ಉಚಿತ, ಲ್ಯಾಪ್‌ಟಾಪ್‌ಗೆ ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಓಡುತ್ತದೆ. ಮೊಬೈಲ್ ಮಾತ್ರ ಇದ್ದರೆ ಬ್ರೌಸರ್‌ನಲ್ಲೇ ನಡೆಯುವ ಬೀವಾಸ್ಕೀಮ್‌ನಂಥವು ಇವೆ. ಮೊಬೈಲ್‌ನಲ್ಲಿ ಟೈಪ್ ಮಾಡುವಾಗ ಒಂದು ಎಚ್ಚರ: ಕೆಲವು ಕೀಬೋರ್ಡ್‌ಗಳು ನೇರ ಗೀಟನ್ನು ಬಾಗಿದ ಉದ್ಧರಣ ಚಿಹ್ನೆಯಾಗಿ ಬದಲಿಸುತ್ತವೆ. ಆಗ ಕೋಟ್ ಕೆಲಸ ಮಾಡುವುದಿಲ್ಲ.

ಕೊನೆಗೆ ಹೇಳುವುದಾದರೆ

ಸಂಸ್ಕೃತ ಕಲಿಯಬೇಕೆನಿಸಿದರೆ ಖಂಡಿತ ಕಲಿಯಿರಿ. ಕಾವ್ಯ, ಶಾಸ್ತ್ರ, ವ್ಯಾಕರಣ ಎಂಬ ಒಳ್ಳೆಯ ಕಾರಣಗಳಿವೆ. ಇಂಗ್ಲಿಷ್ ಕಲಿತರೆ ಹೆಚ್ಚು ಪುಸ್ತಕ ಓದಬಹುದು, ಅದೂ ನಿಜ. ಆದರೆ ಪ್ರೋಗ್ರಾಮಿಂಗ್‌ಗೆ ಅರ್ಹತೆ ಕೊಡುವುದು ಎರಡೂ ಅಲ್ಲ. ಒಂದು ಕೆಲಸವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬಿಡಿಸಿ ಹೇಳುವ ಅಭ್ಯಾಸ ಬೇಕು. ಅದನ್ನು ಕನ್ನಡದಲ್ಲಿ ಯೋಚಿಸಿಯೂ ಮಾಡಬಹುದು.

ಆ ಸಂದೇಶ ಮತ್ತೆ ಬಂದರೆ ಇಷ್ಟನ್ನು ಉತ್ತರವಾಗಿ ಕಳಿಸಿ: “1985ರ ಲೇಖನ ನಿಜ, ನಾಸಾ ತೀರ್ಮಾನ ಸುಳ್ಳು. ಹೋಲಿಕೆ ಇದ್ದದ್ದು ಶಾಸ್ತ್ರಕಾರರು ವಾಕ್ಯ ಬಿಡಿಸುವ ಕ್ರಮಕ್ಕೆ. ನಾಸಾ ತನ್ನ ನೌಕೆಯಲ್ಲಿ ಪರೀಕ್ಷಿಸಿದ್ದು ಲಿಸ್ಪ್‌ನಲ್ಲಿ ಬರೆದ ತಂತ್ರಾಂಶವನ್ನು. ಆ ಲಿಸ್ಪ್‌ನಲ್ಲಿ ನಮ್ಮ ಮಳೆ ಲೆಕ್ಕವನ್ನು ಕನ್ನಡ ಹೆಸರುಗಳಿಟ್ಟೇ ಬರೆಯಬಹುದು.”